ಐಬು ಮತ್ತು ಕುಂದು

ದೇವಸಮುದ್ರದ ಸೀಮೆಯಲ್ಲಿ ‘ಐಬು’ ಎಂಬುದು ಮನೆಮಾತು. ಅರಬ್ಬಿಯಲ್ಲಿ ಹುಟ್ಟಿ ಪಾರಸಿ, ಉರ್ದುಗಳನ್ನು ಹಾದು ಬಂದ ಈ ಪದ ಗಡಿಯಾಚೆಯ ತೆಲುಗಿಗೂ ನೆಂಟ. ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ಬೆಳಕಿಗೆ ಹಿಡಿದು, ಎಳೆ ತಪ್ಪಿದಲ್ಲಿ ಬೆರಳಿಟ್ಟು ‘ಇಲ್ಲಿ ಐಬಿದೆ’ ಎಂದರೆ ತಪ್ಪೇನಿಲ್ಲ. ಎತ್ತು ಕೊಳ್ಳುವವನು ಅದರ ಬಾಯಿ ಬಿಡಿಸಿ ನೋಡಿ ಹಾಗೆಂದರೂ ಅದು ಅವನ ಹಕ್ಕು. ಆದರೆ ಹೆಣ್ಣು ನೋಡಬಂದವರೂ ಅದೇ ಪದವನ್ನೇ ಎತ್ತುತ್ತಾರೆ. ಕಾಲು ಕುಂಟಾದರೂ ಐಬು, ಮುಂಗೋಪವೂ ಐಬು. ಮೈಯ ಊನವನ್ನೂ ನಡತೆಯ ದೋಷವನ್ನೂ ಒಂದೇ ತಕ್ಕಡಿಗೆ ಹಾಕುವ ಈ ಬಳಕೆ ನನಗೆ ಅನ್ಯಾಯವೆಂದೇ ತೋರುತ್ತದೆ.

ಕನ್ನಡದ ‘ತಪ್ಪು’, ‘ಕುಂದು’ಗಳನ್ನು ನೋಡಿ. ಅವು ನಾಮಪದಗಳೂ ಹೌದು, ಕ್ರಿಯಾಪದಗಳೂ ಹೌದು. ದಾರಿ ತಪ್ಪಿದವನು ಮರಳಿ ದಾರಿಗೆ ಬರಬಹುದು. ಕುಂದಿದ ಚಂದ್ರ ಮತ್ತೆ ತುಂಬುತ್ತಾನೆ. ‘ಐಬು’ ಎಂಬುದಕ್ಕೆ ಇಂಥ ಕ್ರಿಯೆಯಿಲ್ಲ, ಅಂಟಿದರೆ ಅಂಟಿತು. ಸಂಸ್ಕೃತದ ‘ದೋಷ’ಕ್ಕೆ ‘ದೂಷಿಸು’ ಎಂಬ ಕ್ರಿಯೆಯುಂಟಲ್ಲ ಎನ್ನಬಹುದು. ಉಂಟು, ಆದರೆ ಅದು ದೋಷವುಳ್ಳವನು ಮಾಡುವ ಕೆಲಸವಲ್ಲ, ನೋಡುವವನು ಮಾಡುವ ಕೆಲಸ!

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಅಶೋಕನ ಶಾಸನವನ್ನು ಕಂಡುಹಿಡಿದರು. ತಾಯಿತಂದೆಗಳ ಮಾತು ಕೇಳಬೇಕು, ಸತ್ಯ ನುಡಿಯಬೇಕು ಎಂಬ ಅದರ ಬೋಧೆಯನ್ನು ನಮ್ಮ ವಿದ್ಯಾರ್ಥಿಗಳು ಓದಿರುತ್ತಾರೆ. ಅದಕ್ಕೂ ಮೊದಲು ಅರಸನು ತನ್ನ ವಿಷಯವಾಗಿ ಹೇಳಿಕೊಳ್ಳುವುದನ್ನು ಅನೇಕರು ಗಮನಿಸುವುದಿಲ್ಲ: ತಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿತು, ಅದರಲ್ಲಿ ಒಂದು ವರ್ಷ ಚೆನ್ನಾಗಿ ಶ್ರಮಿಸಲಿಲ್ಲ, ಸಂಘವನ್ನು ಸೇರಿದ ಮೇಲೆ, ಒಂದು ವರ್ಷಕ್ಕೂ ಮೇಲ್ಪಟ್ಟು ಶ್ರಮಿಸುತ್ತಿರುವೆನು. ಇಲ್ಲಿ ‘ನಾನು ಸೋಮಾರಿ’ ಎಂಬ ಮಾತಿಲ್ಲ. ಮಾಡದಿದ್ದ ಕೆಲಸವುಂಟು, ಅದರ ಅವಧಿಯುಂಟು, ಅವಧಿ ಮುಗಿದ ಸಂಗತಿಯೂ ಉಂಟು. ಚಕ್ರವರ್ತಿಯೊಬ್ಬನು ಇದನ್ನು ಕಲ್ಲಿನಲ್ಲಿ ಕೆತ್ತಿಸಿ ಪ್ರಜೆಗಳ ಮುಂದಿಟ್ಟನೆಂಬುದು ಸಾಮಾನ್ಯ ಮಾತೆ?

ನಾನು ಉಪಾಧ್ಯಾಯನಾಗಿದ್ದಾಗ ಒಬ್ಬ ಹುಡುಗನ ಪ್ರಗತಿಪತ್ರದಲ್ಲಿ ‘ಸೋಮಾರಿ’ ಎಂದು ಬರೆದೆ. ‘ಈ ಅರ್ಧವರ್ಷ ಶ್ರಮಿಸಲಿಲ್ಲ’ ಎಂದಿದ್ದರೆ ಸಾಕಾಗುತ್ತಿತ್ತು. ನಿಜವೂ ಅಷ್ಟೇ ಆಗಿತ್ತು. ಓದುಬರಹ ಬಾರದ ಅವನ ತಂದೆ ಯಾರಿಂದಲೋ ಅದನ್ನು ಓದಿಸಿಕೊಂಡು ಮರುದಿನ ಶಾಲೆಯ ಬಾಗಿಲಿಗೆ ಬಂದರು. ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು ಮೆಲ್ಲಗೆ ಕೇಳಿದರು: “ಇದು ಹುಟ್ಟೈಬೇನ್ರೀ, ಮೇಷ್ಟ್ರೆ?”

ನಾನು ಆ ಪತ್ರವನ್ನು ಅವರಿಂದ ಹಿಂದಕ್ಕೆ ಪಡೆದೆ.