ಮೇಂಟೆನೆನ್ಸ್ ಕಮ್ಮಿ ಇದ್ರೆ ಒಳ್ಳೇದಾ?

ಅಮೆರಿಕದಲ್ಲಿರುವ ದೊಡ್ಡಪ್ಪನ ಮಗನದು ಮೊನ್ನೆ ಫೋನಲ್ಲಿ ಒಂದೇ ಗೋಳು. "ಸಂಬಳ ಚೆನ್ನಾಗಿದೆ ಕಣೋ, ಆದ್ರೂ ಕೇಳಿದಷ್ಟು ಸಾಲ ಕೊಡ್ತಿಲ್ಲ." ಅವನು ನೋಡಿರೋದು ಕಾಂಡೊ, ಅಂದ್ರೆ ನಮ್ಮ ಅಪಾರ್ಟ್‌ಮೆಂಟ್ ಫ್ಲಾಟ್ ಥರದ್ದು. ಮಾಲೀಕರ ಸಂಘಕ್ಕೆ ತಿಂಗಳಿಗೆ 400 ಡಾಲರ್ ಕಟ್ಟಬೇಕು. ಅಲ್ಲಿ ಬ್ಯಾಂಕು ಕಂತು, ತೆರಿಗೆ, ವಿಮೆಯ ಜೊತೆ ಈ ಶುಲ್ಕವನ್ನೂ ಸೇರಿಸಿಯೇ ಆದಾಯಕ್ಕೆ ಹೋಲಿಸುತ್ತದೆ. ಲೆಕ್ಕ ಹಾಕಿ ನೋಡಿದೆ: 30 ವರ್ಷ, ಶೇ 7 ಬಡ್ಡಿ ಅಂತಿಟ್ಟುಕೊಂಡರೆ ಆ 400 ಡಾಲರ್ ಸುಮಾರು 60 ಸಾವಿರ ಡಾಲರ್ ಸಾಲವನ್ನೇ ನುಂಗಿಬಿಡುತ್ತೆ!

"ಶುಲ್ಕ ಕಮ್ಮಿ ಇರೋ ಕಟ್ಟಡ ನೋಡಣ್ಣ" ಅಂದೆ. ತಪ್ಪು ಸಲಹೆ. ಬ್ಯಾಂಕುಗಳಿಂದ ಗೃಹಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಸಂಸ್ಥೆ ಕಟ್ಟಡದ ಲೆಕ್ಕವನ್ನೂ ನೋಡುತ್ತದೆ. ಸಂಘದ ಬಜೆಟ್ಟಿನಲ್ಲಿ ಶೇ 10ರಷ್ಟಾದರೂ ದೊಡ್ಡ ರಿಪೇರಿಗೆ ಎತ್ತಿಡದಿದ್ದರೆ, ಅಥವಾ ತುಂಬಾ ಮನೆಯವರು ಶುಲ್ಕ ಬಾಕಿ ಉಳಿಸಿದ್ದರೆ, ನಿಮ್ಮ ಸಂಬಳ ಎಷ್ಟಿದ್ದರೂ ಸಾಲ ಸಿಗೋದು ಕಷ್ಟ.

ಇದು ಅನ್ಯಾಯ ಅಂತಾನೆ ಅಣ್ಣ. ನನಗೆ ಹಾಗನ್ನಿಸಲ್ಲ. 2021ರ ಜೂನ್‌ನಲ್ಲಿ ಫ್ಲೋರಿಡಾದ ಸರ್ಫ್‌ಸೈಡ್‌ನಲ್ಲಿ 12 ಅಂತಸ್ತಿನ ಕಾಂಡೊ ಕುಸಿದು 98 ಜನ ಸತ್ತರು. ಕಾಂಕ್ರೀಟ್ ಹಾಳಾಗಿದೆ ಅಂತ 2018ರಲ್ಲೇ ಎಂಜಿನಿಯರ್ ವರದಿ ಕೊಟ್ಟಿದ್ದರು. ರಿಪೇರಿಗೆ ಒಂದೂವರೆ ಕೋಟಿ ಡಾಲರ್ ಬೇಕಿತ್ತು, ಸಂಘದ ಕೈಲಿ ಅಷ್ಟಿರಲಿಲ್ಲ. ಮಾಲೀಕರ ಜಗಳದಲ್ಲೇ ವರ್ಷಗಳು ಕಳೆದವು. ಆ ದುರಂತದ ಮೇಲೆಯೇ ಸಾಲದ ನಿಯಮ ಇನ್ನಷ್ಟು ಬಿಗಿಯಾಗಿದ್ದು. ಸಂಘದ ಮೀಟಿಂಗಲ್ಲಿ ಯಾರೂ ಕೇಳದ ಪ್ರಶ್ನೆಯನ್ನ ಬ್ಯಾಂಕಾದ್ರೂ ಕೇಳಲಿ ಬಿಡಿ.

ಅಣ್ಣ ಈಗ ಆ ಸಂಘದ ಬಜೆಟ್ ತರಿಸಿ, ಸಿವಿಲ್ ಓದೋನು ಅಂತ ನನಗೇ ಕಳಿಸಿದ್ದಾನೆ. ಇಂಟರ್ನಲ್ಸ್ ಮುಗಿದ ಮೇಲೆ ನೋಡಬೇಕು.