ದೀಪವಿಲ್ಲದ ಉಪ್ಪರಿಗೆಗಳು

ಐರ್ಲೆಂಡಿನ ಪಶ್ಚಿಮ ಭಾಗದಲ್ಲಿ, ಆ ದ್ವೀಪದ ಅತಿ ಉದ್ದವಾದ ನದಿಯಾದ ಶ್ಯಾನನ್ ಸಮುದ್ರದ ಕಡೆಗೆ ಅಗಲವಾಗತೊಡಗುವ ಎಡೆಯಲ್ಲಿ, ಲಿಮೆರಿಕ್ ಎಂಬ ನಗರವಿದೆ. ಐರ್ಲೆಂಡ್ ಗಣರಾಜ್ಯದ ನಗರಗಳಲ್ಲಿ ಡಬ್ಲಿನ್ ಮತ್ತು ಕಾರ್ಕ್‌ಗಳ ತರುವಾಯ ಇದಕ್ಕೆ ಮೂರನೆಯ ಸ್ಥಾನ. ಹಾಗೆಂದು ಅದು ಮಹಾನಗರವೇನೂ ಅಲ್ಲ. 2022ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆ ಒಂದು ಲಕ್ಷಕ್ಕೆ ತುಸು ಮೇಲು. ಈ ನಡುಗಾತ್ರದ ನಗರದ ಹೃದಯಭಾಗದಲ್ಲಿ ನೂರಾರು ಹಳೆಯ ಮನೆಗಳು ಇಂದಿಗೂ ನಿಂತಿವೆ. ಅವುಗಳ ಕೆಳ ಅಂತಸ್ತಿನಲ್ಲಿ ಹಗಲೆಲ್ಲ ವ್ಯಾಪಾರ, ಕಚೇರಿ, ಜನಸಂದಣಿ. ಸಂಜೆಯಾಯಿತೆಂದರೆ ಅವುಗಳಲ್ಲಿ ಎಷ್ಟೋ ಮನೆಗಳ ಮೇಲಂತಸ್ತಿನ ಕಿಟಕಿಗಳು ಕತ್ತಲೆಯಾಗಿಯೇ ಉಳಿಯುತ್ತವೆ. ಮೇಲೆ ಯಾರೂ ವಾಸವಿಲ್ಲ. ಒಂದು ನಗರವು ತನ್ನ ಹಳಮೆಯನ್ನು ಹೇಗೆ ಕಳೆದುಕೊಳ್ಳುತ್ತದೆ ಎಂಬುದನ್ನು ಅರಿಯಲು ಈ ಕತ್ತಲೆಯ ಕಿಟಕಿಗಳನ್ನು ಗಮನಿಸಬೇಕು.

ಲಿಮೆರಿಕ್ ಒಂದೇ ಕಾಲದಲ್ಲಿ ಹುಟ್ಟಿದ ಊರಲ್ಲ. ಸಾವಿರ ವರ್ಷಗಳಿಗೂ ಹಿಂದೆ ವೈಕಿಂಗ್ ನಾವಿಕರು ನದಿಯ ನಡುಗಡ್ಡೆಯಲ್ಲಿ ನೆಲೆಯೂರಿದರು. 13ನೆಯ ಶತಮಾನದ ಆರಂಭದಲ್ಲಿ ಅದೇ ನಡುಗಡ್ಡೆಯ ಮೇಲೆ ಜಾನ್ ದೊರೆಯ ಹೆಸರಿನ ಕೋಟೆ ಎದ್ದಿತು. ಕೋಟೆಯ ಆಸರೆಯಲ್ಲಿ ಬೆಳೆದ ಭಾಗಕ್ಕೆ ಇಂಗ್ಲಿಷ್ ಪಟ್ಟಣವೆಂದೂ ಸಣ್ಣ ಹೊಳೆಯ ಆಚೆಯ ಭಾಗಕ್ಕೆ ಐರಿಷ್ ಪಟ್ಟಣವೆಂದೂ ಹೆಸರಾಯಿತು. ಎರಡಕ್ಕೂ ಸುತ್ತ ಗೋಡೆ. 1651ರಲ್ಲಿ, ಮತ್ತೆ 1690 ಮತ್ತು 1691ರಲ್ಲಿ ಈ ಗೋಡೆಗಳು ಮುತ್ತಿಗೆಯನ್ನು ಕಂಡವು. 1691ರಲ್ಲಿ ಆದ ಒಪ್ಪಂದದಲ್ಲಿ ಕ್ಯಾಥೊಲಿಕ್ ಜನರಿಗೆ ಕೊಟ್ಟ ಮಾತನ್ನು ಆಳುವವರು ನಡೆಸಿಕೊಡಲಿಲ್ಲ. ಆದುದರಿಂದಲೇ ಮುರಿದ ಒಪ್ಪಂದದ ನಗರವೆಂಬ ಬಿರುದು ಲಿಮೆರಿಕ್ಕಿಗೆ ಅಂಟಿಕೊಂಡಿದೆ. ಮುಂದೆ 1760ರಲ್ಲಿ ಇದು ಇನ್ನು ಕೋಟೆಯ ಊರಲ್ಲವೆಂದು ಸಾರಲಾಯಿತು. ಗೋಡೆಗಳು ಉರುಳಿದವು, ಇಕ್ಕಟ್ಟಿನಲ್ಲಿ ಉಸಿರುಗಟ್ಟಿದ್ದ ಊರಿಗೆ ಹೊರಗಿನ ಬಯಲು ತೆರೆಯಿತು.

ಆ ಬಯಲಿನ ಬಹುಭಾಗ ಎಡ್ಮಂಡ್ ಸೆಕ್ಸ್‌ಟನ್ ಪೆರಿ ಎಂಬಾತನ ಆಸ್ತಿ. ಈತ ಮುಂದೆ ಐರಿಷ್ ಪಾರ್ಲಿಮೆಂಟಿನ ಕೆಳಮನೆಯ ಸಭಾಧ್ಯಕ್ಷನಾದವನು. ಹೊಲವನ್ನು ತುಂಡುತುಂಡಾಗಿ ಮಾರಿ ಕೈತೊಳೆದುಕೊಳ್ಳುವ ಬದಲು, ಅದರಲ್ಲಿ ಒಂದು ಹೊಸ ಪಟ್ಟಣವನ್ನೇ ಕಟ್ಟಿಸುವ ಯೋಚನೆ ಅವನದು. ನದಿಯ ದಡದಲ್ಲಿ ಸುಂಕದ ಕಟ್ಟೆಯ ಭವ್ಯ ಭವನವನ್ನು ರಚಿಸಿದ ಡೇವಿಸ್ ಡ್ಯುಕಾರ್ಟ್ ಎಂಬ ಶಿಲ್ಪಿಯೇ ಈ ಪಟ್ಟಣದ ನಕ್ಷೆಯನ್ನೂ ಬರೆದನೆಂದು ಹೇಳುತ್ತಾರೆ. 1769ರ ಹೊತ್ತಿಗೆ ನಕ್ಷೆ ಸಿದ್ಧವಾಗಿತ್ತು. ಚದುರಂಗದ ಮಣೆಯಂತೆ ಒಂದಕ್ಕೊಂದು ಅಡ್ಡಹಾಯುವ ನೇರವಾದ ಅಗಲ ಬೀದಿಗಳು. ಬೀದಿಗಳಲ್ಲಿ ಹಲವಕ್ಕೆ ಪೆರಿ ಮನೆತನದವರ ಮತ್ತು ಅವರ ನಂಟರ ಹೆಸರುಗಳು. ಪಟ್ಟಣಕ್ಕೆ ನ್ಯೂಟೌನ್ ಪೆರಿ ಎಂಬ ಹೆಸರು. ಇಂಗ್ಲೆಂಡಿನ ಸಿಂಹಾಸನದಲ್ಲಿ 1714ರಿಂದ 1830ರವರೆಗೆ ಒಬ್ಬರಾದ ಮೇಲೊಬ್ಬರಂತೆ ಜಾರ್ಜ್ ಎಂಬ ಹೆಸರಿನ ನಾಲ್ವರು ದೊರೆಗಳು ಕುಳಿತಿದ್ದರಾಗಿ, ಆ ಕಾಲದ ಕಟ್ಟಡಗಳನ್ನು ಜಾರ್ಜಿಯನ್ ಶೈಲಿಯವು ಎನ್ನುವುದು ವಾಡಿಕೆ.

ಈ ಮನೆಗಳ ಚೆಲುವು ಮೊದಲ ನೋಟಕ್ಕೆ ತಟ್ಟುವಂಥದಲ್ಲ. ಕೆಂಪು ಇಟ್ಟಿಗೆಯ ಬೋಳು ಗೋಡೆ, ಅದರಲ್ಲಿ ಸಾಲಾಗಿ ಕಿಟಕಿಗಳು, ಕೆತ್ತನೆಯಿಲ್ಲ, ಬೊಂಬೆಗಳಿಲ್ಲ. ಆದರೆ ಸ್ವಲ್ಪ ಹೊತ್ತು ನಿಂತು ನೋಡಿದವರಿಗೆ ಅದರ ಲೆಕ್ಕ ತಿಳಿಯುತ್ತದೆ. ಅತಿಥಿಗಳನ್ನು ಕೂರಿಸುವ ಮೊದಲ ಉಪ್ಪರಿಗೆಯ ಕಿಟಕಿಗಳು ಎಲ್ಲಕ್ಕಿಂತ ಎತ್ತರ. ಮೇಲೆ ಹೋದಂತೆ ಕಿಟಕಿಗಳು ಗಿಡ್ಡವಾಗುತ್ತ ಬರುತ್ತವೆ. ಮುಂಬಾಗಿಲಿನ ನೆತ್ತಿಯಲ್ಲಿ ಬೀಸಣಿಗೆಯ ಆಕಾರದ ಗಾಜಿನ ಕಿಂಡಿ. ಬೀದಿಯ ಮಟ್ಟಕ್ಕಿಂತ ಕೆಳಗೆ ಅಡುಗೆಯ ನೆಲಮನೆ. ಅದರ ಮುಂದೆ ಕಬ್ಬಿಣದ ಕಟಕಟೆ. ಕಾಲುದಾರಿಯ ಅಡಿಯಲ್ಲಿ ಕಲ್ಲಿದ್ದಲು ತುಂಬುವ ಕಮಾನುಕೋಣೆ. ಹಿಂದೆ ಕುದುರೆಲಾಯದ ಓಣಿ. ಒಂದು ಮನೆಯನ್ನು ಮಾತ್ರ ತೆಗೆದುಕೊಂಡರೆ ಅದು ಸಾಧಾರಣವೇ. ಇಪ್ಪತ್ತು ಮನೆಗಳು ಒಂದೇ ಎತ್ತರದಲ್ಲಿ, ಒಂದೇ ಅಳತೆಯಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತಾಗ ಬೀದಿಗೆ ಒಂದು ಗಾಂಭೀರ್ಯ ಬರುತ್ತದೆ. ಆದಕಾರಣ ಸಾಲಿನ ನಡುವೆ ಒಂದು ಮನೆ ಬಿದ್ದರೂ, ಮುಂದಿನ ಹಲ್ಲು ಬಿದ್ದ ಬಾಯಿಯಂತೆ ಇಡೀ ಬೀದಿಯೇ ವಿಕಾರವಾಗಿ ಕಾಣುತ್ತದೆ.

ಇಂಥ ಮನೆಗಳನ್ನು ಕಟ್ಟಿಸಿಕೊಂಡವರು ಕಾಲಾನುಕ್ರಮದಲ್ಲಿ ಅವುಗಳನ್ನು ಬಿಟ್ಟು ಊರ ಹೊರಗಿನ ತೋಟದ ಮನೆಗಳಿಗೆ ಹೋದರು. ವಕೀಲರು, ವೈದ್ಯರು ಕೆಳಗೆ ಕಚೇರಿ ಮಾಡಿಕೊಂಡರು. ಕೆಲವೆಡೆ ಒಂದೊಂದು ಕೋಣೆಯಲ್ಲಿ ಒಂದೊಂದು ಬಡ ಸಂಸಾರ ಸೇರಿತು. ಹಿಂದಿನ ಓಣಿಗಳ ಬಡತನವಂತೂ ಹೇಳತೀರದು. ಫ್ರ್ಯಾಂಕ್ ಮೆಕೋರ್ಟ್ ತನ್ನ ಬಾಲ್ಯವನ್ನು ಕುರಿತು 1996ರಲ್ಲಿ ಪ್ರಕಟಿಸಿದ ಕೃತಿಯಿಂದ ಆ ಓಣಿಗಳ ಸಂಗತಿ ಲೋಕಕ್ಕೆಲ್ಲ ತಿಳಿದಿದೆ. ಮುಂದೆ 1970ರ ದಶಕದಿಂದೀಚೆಗೆ ನಗರದ ಅಂಚಿನಲ್ಲಿ ದೊಡ್ಡ ದೊಡ್ಡ ಮಾರಾಟಮಳಿಗೆಗಳು ತಲೆಯೆತ್ತಿದವು. ಸುತ್ತ ವಿಸ್ತಾರವಾದ ಕಾರು ನಿಲ್ದಾಣ. ಬಳಿಯಲ್ಲೇ ಹೊಸ ಬಡಾವಣೆ. ಊರು ಅಂಚಿನಲ್ಲಿ ದಪ್ಪವಾಗುತ್ತ, ನಡುವೆ ತೆಳುವಾಗುತ್ತ ನಡೆಯಿತು.

ಸ್ವಾತಂತ್ರ್ಯಾನಂತರದ ಐರ್ಲೆಂಡಿನಲ್ಲಿ ಇಂಥ ಮನೆಗಳನ್ನು ಕುರಿತು ಒಂದು ವಾದ ಕೇಳಿಬರುತ್ತಿತ್ತು. ಇವು ಪರಕೀಯ ಪ್ರಭುಗಳು ತಮ್ಮ ವೈಭವಕ್ಕಾಗಿ ಕಟ್ಟಿಸಿದವು. ಇವು ಬಿದ್ದುಹೋದರೆ ನಾವೇಕೆ ಅಳಬೇಕು ಎಂಬುದು ಆ ವಾದ. ಡಬ್ಲಿನ್ನಿನ ಫಿಟ್ಸ್‌ವಿಲಿಯಂ ಬೀದಿಯಲ್ಲಿ 1965ರಲ್ಲಿ ವಿದ್ಯುತ್ ಮಂಡಳಿಯ ಕಚೇರಿಗಾಗಿ ಒಂದೇ ಸಾಲಿನ 16 ಮನೆಗಳನ್ನು ಕೆಡವಿದಾಗ ಪ್ರತಿಭಟಿಸಿದವರಿಗೂ ಇಂಥ ಉತ್ತರ ಸಿಕ್ಕಿದ್ದುಂಟು. ಪರಾಧೀನತೆಯ ನೋವನ್ನು ಉಂಡ ಜನರ ಈ ಮಾತನ್ನು ತಿರಸ್ಕಾರದಿಂದ ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಲಿಮೆರಿಕ್ಕಿನ ಮಟ್ಟಿಗೆ ಅದು ಪೂರ್ತಿ ನಿಜವೂ ಅಲ್ಲ. ಪೆರಿಯ ಪಟ್ಟಣದ ಮಗ್ಗುಲಲ್ಲೇ, ನದಿಯ ದಡದಲ್ಲಿ ಕಟ್ಟೆ ಕಟ್ಟಿ ಬೀದಿಗಳನ್ನು ಹಾಕಿದವರು ಆರ್ಥರ್ ಎಂಬ ಕ್ಯಾಥೊಲಿಕ್ ವರ್ತಕ ಮನೆತನದವರು. ಪ್ಯಾಟ್ರಿಕ್ ಬೀದಿ, ಎಲೆನ್ ಬೀದಿ ಎಂಬ ಹೆಸರುಗಳು ಆ ಮನೆತನದವರವೇ. ಆ ವಂಶದ ಫ್ರಾನ್ಸಿಸ್ ಆರ್ಥರ್ 1798ರ ದಂಗೆಯ ವೇಳೆಯಲ್ಲಿ ರಾಜದ್ರೋಹದ ಆರೋಪಕ್ಕೆ ಗುರಿಯಾದವನು. ಇನ್ನು, ಯಜಮಾನ ಯಾರೇ ಇರಲಿ, ಇಟ್ಟಿಗೆ ಹೊತ್ತವರು, ಗಾರೆ ಕಲಸಿದವರು, ಮೆಟ್ಟಿಲಿನ ಮರವನ್ನು ನುಣ್ಣಗೆ ಕೆತ್ತಿದವರು ಊರಿನ ಜನರಲ್ಲದೆ ಬೇರೆ ಯಾರು? ಆರ್ಥರ್ ಮನೆತನದ ನದಿದಂಡೆಯ ಮನೆಗಳು ಬಡವರ ಕಿಕ್ಕಿರಿದ ವಠಾರಗಳಾಗಿ ಶಿಥಿಲಗೊಂಡು 20ನೆಯ ಶತಮಾನದಲ್ಲಿ ನೆಲಸಮವಾದವು. ಈಗ ಆ ಜಾಗದಲ್ಲಿರುವ ಮಾರಾಟಮಳಿಗೆಯಲ್ಲಿ ಆ ಮನೆತನದ ಹೆಸರೊಂದು ಉಳಿದಿದೆ.

ಕಟ್ಟಡಗಳು ಹಾಳಾಗುವುದು ಎರಡು ಬಗೆಯಲ್ಲಿ. ಒಂದು, ಎಲ್ಲರ ಕಣ್ಣೆದುರು ಕೆಡವುವುದು. 1990ರ ದಶಕದ ಆರಂಭದಲ್ಲಿ ಹಳೆಯ ಕ್ರೂಸ್ ಹೋಟೆಲನ್ನು ಕೆಡವಿ ಅದರ ಸ್ಥಳದಲ್ಲಿ ಅಂಗಡಿಗಳ ಹೊಸ ಬೀದಿಯನ್ನು ತೆರೆದದ್ದು ಈ ಬಗೆಯದು. ಇದನ್ನು ಜನ ಕಾಣುತ್ತಾರೆ. ಒಪ್ಪುತ್ತಾರೆ, ಇಲ್ಲವೆ ಜಗಳವಾಡುತ್ತಾರೆ. ಇನ್ನೊಂದು ಬಗೆಯ ನಾಶಕ್ಕೆ ಸದ್ದಿಲ್ಲ. ಜಾರ್ಜಿಯನ್ ಮನೆಯ ಇಳಿಜಾರು ಮಾಡು ಬೀದಿಗೆ ಕಾಣದಂತೆ ಕೈಪಿಡಿಗೋಡೆಯ ಹಿಂದೆ ಅಡಗಿರುತ್ತದೆ. ಮಳೆಯ ನೀರು ಆ ಗೋಡೆಯ ಹಿಂದಿನ ಸೀಸದ ಕಾಲುವೆಯಲ್ಲಿ ಹರಿದು ಕೊಳವೆಗೆ ಬೀಳಬೇಕು. ಮೇಲೆ ಜನವಿದ್ದರೆ ಶರತ್ಕಾಲದ ತರಗೆಲೆಯನ್ನು ವರ್ಷಕ್ಕೊಮ್ಮೆ ಬಾಚಿ ತೆಗೆಯುತ್ತಾರೆ. ಜನವಿಲ್ಲದಿದ್ದರೆ ಎಲೆ ಕೊಳೆತು ಕಾಲುವೆ ಕಟ್ಟಿಕೊಳ್ಳುತ್ತದೆ. ನೀರು ಒಳಗಿಳಿದು ತೊಲೆಯ ತುದಿಯನ್ನು ನೆನೆಸುತ್ತದೆ. ಮರಕ್ಕೆ ಬೂಷ್ಟು ಹತ್ತುತ್ತದೆ. ಇದೆಲ್ಲ ಆಗಲು ಹತ್ತಾರು ವರ್ಷ ಬೇಕಿಲ್ಲ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಇಟ್ಟಿಗೆಯ ಸಂದಿಗೆ ಸುಣ್ಣದ ಗಾರೆಯ ಬದಲು ಸಿಮೆಂಟು ಮೆತ್ತಿ ದುರಸ್ತಿಯಾಯಿತೆಂದು ತೃಪ್ತಿಪಟ್ಟಿರುತ್ತಾರೆ. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ. ಮೆತ್ತನೆಯ ಹಳೆಯ ಇಟ್ಟಿಗೆಯೇ ಸೀಳಿ ಉದುರುತ್ತದೆ. ಕೊನೆಗೊಂದು ದಿನ ಇಂಜಿನಿಯರು ಬಂದು, ಕಟ್ಟಡ ಅಪಾಯಕಾರಿ, ಕೆಡವತಕ್ಕದ್ದು ಎಂದು ಬರೆದುಕೊಡುತ್ತಾನೆ. ಆಗ ಯಾರನ್ನೂ ದೂರುವಂತಿಲ್ಲ.

ಮೇಲಂತಸ್ತು ಬರಿದಾದುದಕ್ಕೆ ಜನರ ತಾತ್ಸಾರವೊಂದೇ ಕಾರಣವಲ್ಲ. ಅಂಗಡಿಯ ಮುಂಭಾಗವನ್ನು ಅಗಲ ಮಾಡುವ ಆಸೆಯಿಂದ ಎಷ್ಟೋ ಮಾಲಿಕರು ಮುಂಬಾಗಿಲಿನ ಪಡಸಾಲೆಯನ್ನೂ ಮೆಟ್ಟಿಲಿನ ಬುಡವನ್ನೂ ತೆಗೆಸಿಬಿಟ್ಟರು. ಹೀಗಾದ ಮನೆಯ ಉಪ್ಪರಿಗೆಗೆ ಬೀದಿಯಿಂದ ದಾರಿಯೇ ಇಲ್ಲ. ಮೆಟ್ಟಿಲು ಉಳಿದ ಮನೆಗಳಲ್ಲಿ ಬೆಂಕಿಯ ಭಯಕ್ಕಾಗಿ ಮಾಡಿದ ನಿಯಮಗಳು ಅಡ್ಡಬರುತ್ತವೆ. ಮರದ ಒಂದೇ ಮೆಟ್ಟಿಲಿನ ಸುತ್ತ ಹಲವು ಸಂಸಾರಗಳನ್ನು ಇರಿಸಬೇಕಾದರೆ ಬಾಗಿಲು, ಗೋಡೆ, ಮಾಳಿಗೆಗಳನ್ನು ಬೆಂಕಿ ತಡೆಯುವಂತೆ ಬದಲಿಸಬೇಕು. ಅದಕ್ಕೆ ತಗಲುವ ವೆಚ್ಚ ಸಣ್ಣದಲ್ಲ. ಅದೇ ಸಮಯದಲ್ಲಿ ಐರ್ಲೆಂಡಿನಲ್ಲಿ ಬಾಡಿಗೆಗೆ ಮನೆ ಸಿಗದೆ ಯುವಕರು ಪರದೇಶಗಳ ದಾರಿ ಹಿಡಿಯುತ್ತಿದ್ದಾರೆ. ಊರ ನಡುವೆ ಗಟ್ಟಿ ಗೋಡೆಯ ಕೋಣೆಗಳು ಪಾರಿವಾಳಗಳಿಗೆ ಬಿಟ್ಟಿರುವುದೂ ಊರ ಹೊರಗೆ ಹೊಲಗಳ ಮೇಲೆ ಹೊಸ ಮನೆಗಳು ಏಳುತ್ತಿರುವುದೂ ಒಟ್ಟೊಟ್ಟಿಗೆ ನಡೆದಿದೆ.

ವಾಸದ ಅಗತ್ಯ ಮತ್ತು ಹಳಮೆಯ ಗೌರವ ಇವೆರಡೂ ಇದಿರುಬದಿರಾದ ಒಂದು ಪ್ರಸಂಗ ಲಿಮೆರಿಕ್ಕಿನ ಚರಿತ್ರೆಯಲ್ಲಿಯೇ ಇದೆ. ಬ್ರಿಟಿಷ್ ಸೈನ್ಯ ತೆರಳಿದ ತರುವಾಯ, 1935ರಲ್ಲಿ, ನಗರಸಭೆಯು ಜಾನ್ ದೊರೆಯ ಕೋಟೆಯ ಗೋಡೆಯ ಒಂದು ಭಾಗವನ್ನು ತೆಗೆಸಿ ಒಳಗಿನ ಅಂಗಳದಲ್ಲಿ 22 ಮನೆಗಳನ್ನು ಕಟ್ಟಿಸಿತು. ಏಳು ಶತಮಾನಗಳ ಕೋಟೆಯೊಳಗೆ ಬಟ್ಟೆ ಒಣಗಹಾಕುವ ಹಗ್ಗ, ಮಕ್ಕಳ ಆಟ! ಇತಿಹಾಸಜ್ಞರಿಗೆ ಅದು ಅಪಚಾರವಾಗಿ ಕಂಡಿತು; 1989ರಲ್ಲಿ ಕೋಟೆಯ ಜೀರ್ಣೋದ್ಧಾರಕ್ಕಾಗಿ ಆ ಮನೆಗಳನ್ನು ತೆಗೆಯಲಾಯಿತು. ಕೋಟೆಗೆ ಇದರಿಂದ ಒಳಿತಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೂ 1935ರ ನಗರಸಭಾ ಸದಸ್ಯರನ್ನು ಅರಸಿಕರೆಂದು ಜರೆಯುವ ಮೊದಲು, ಓಣಿಗಳಲ್ಲಿ ಕ್ಷಯದಿಂದ ನರಳುತ್ತಿದ್ದ ಜನರಿಗೆ ಸೂರು ಒದಗಿಸಬೇಕಾದ ಹೊಣೆ ಅವರ ಮೇಲಿತ್ತೆಂಬುದನ್ನು ನೆನೆಯುವುದು ಒಳ್ಳೆಯದು. ಕೋಟೆ ಎಂದೂ ಸಾಮಾನ್ಯರ ವಾಸಕ್ಕೆಂದು ಕಟ್ಟಿದ್ದಲ್ಲ. ನ್ಯೂಟೌನ್ ಪೆರಿಯ ಮನೆಗಳಾದರೋ ವಾಸಕ್ಕೆಂದೇ ಕಟ್ಟಿದವು. ಸೂರು ಬೇಕಾದವರಿಗೂ ಸೂರು ಉಳಿಯಬೇಕಾದ ಮನೆಗಳಿಗೂ ಇಲ್ಲಿ ವಿರೋಧವೇ ಇಲ್ಲ.

ಸರ್ಕಾರ ಸುಮ್ಮನೆ ಕುಳಿತಿಲ್ಲ. 2000ದ ಯೋಜನಾ ಕಾಯ್ದೆಯು, ರಕ್ಷಿಸಬೇಕಾದ ಕಟ್ಟಡಗಳ ಪಟ್ಟಿಯನ್ನು ಪ್ರತಿಯೊಂದು ಸ್ಥಳೀಯ ಆಡಳಿತವೂ ಇಡಬೇಕೆಂದು ವಿಧಿಸಿತು. 1983ರಲ್ಲಿ ಹುಟ್ಟಿದ ಲಿಮೆರಿಕ್ ಸಿವಿಕ್ ಟ್ರಸ್ಟ್ ಎಂಬ ನಾಗರಿಕರ ಸಂಸ್ಥೆ ಪೆರಿ ಚೌಕದ ಒಂದು ಮನೆಯನ್ನು ಅದರ ಮೊದಲಿನ ರೂಪಕ್ಕೆ ತಂದು ತೋರಿಸಿತು. 2015ರಲ್ಲಿ ಜಾರಿಗೆ ಬಂದ ಮತ್ತೊಂದು ಯೋಜನೆಯು, 1915ಕ್ಕಿಂತ ಹಿಂದಿನ ಮನೆಯನ್ನು ದುರಸ್ತಿಗೊಳಿಸಿ ತಾನೇ ಅದರಲ್ಲಿ ವಾಸಿಸುವ ಮಾಲಿಕನಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟಿತು. ಆಲೋಚನೆ ಸರಿಯಾದುದೇ. ಆದರೆ ಮೊದಲು ಕೈಯಿಂದ ಹಣ ಸುರಿದು, ಆಮೇಲೆ ಹಲವು ವರ್ಷಗಳ ತೆರಿಗೆಯಲ್ಲಿ ಅದನ್ನು ಮರಳಿ ಪಡೆಯಬೇಕೆಂದರೆ ಹಣವಿದ್ದವನಿಗೆ ಮಾತ್ರ ಸಾಧ್ಯ. ನಿರೀಕ್ಷಿಸಿದಷ್ಟು ಜನ ಮುಂದೆ ಬರಲಿಲ್ಲ. ಪಟ್ಟಿಯಲ್ಲಿ ಹೆಸರು ಬರೆದು ಕೆಡವಬೇಡ ಎನ್ನುವುದು ಸುಲಭ. ಮಾಡಿನ ಕಾಲುವೆಯ ಎಲೆಯನ್ನು ತೆಗೆಯುವವರು ಯಾರು ಎಂಬ ಪ್ರಶ್ನೆಗೆ ಪಟ್ಟಿ ಉತ್ತರ ಕೊಡುವುದಿಲ್ಲ.

ಆರ್ಥರ್ ಮನೆತನದ ಪ್ಯಾಟ್ರಿಕ್ ಬೀದಿ ಮತ್ತು ಎಲೆನ್ ಬೀದಿಗಳ ಮೂಲೆಯಲ್ಲಿ ಈಗ ನಗರದ ಬಹು ದೊಡ್ಡ ನಿರ್ಮಾಣಕಾರ್ಯ ನಡೆದಿದೆ. ಆ ಬೀದಿಯ ಮನೆಯೊಂದರಲ್ಲಿ 1818ರಲ್ಲಿ ಹುಟ್ಟಿ, ಇಟಲಿಯ ಮಿಲಾನ್ ನಗರದ ರಂಗಮಂದಿರದಿಂದ ಆಸ್ಟ್ರೇಲಿಯದವರೆಗೆ ಹಾಡಿ ಹೆಸರಾದ ಗಾಯಕಿ ಕ್ಯಾಥರೀನ್ ಹೇಯ್ಸ್‌ಳ ನೆನಪಿನಿಂದ ಆ ನಿವೇಶನಕ್ಕೆ ಒಪೇರಾ ಎಂಬ ಹೆಸರು ಬಂದಿದೆ. ಅಲ್ಲಿ ಮಾರಾಟಮಳಿಗೆ ಕಟ್ಟಲೆಂದು ಖಾಸಗಿಯವರು ಮನೆಗಳನ್ನು ಕೊಂಡು ಖಾಲಿ ಮಾಡಿಸಿದರು. 2008ರ ಆರ್ಥಿಕ ಕುಸಿತದಲ್ಲಿ ಎಲ್ಲವೂ ನಿಂತುಹೋಯಿತು. 2011ರಲ್ಲಿ ನಗರಸಭೆ ಅದನ್ನು ಕೊಂಡಿತು. 2020ರಲ್ಲಿ ಹೊಸ ಯೋಜನೆಗೆ ಅನುಮತಿ ದೊರೆಯಿತು. ಅದರಲ್ಲಿ ಕಚೇರಿಗಳ ಎತ್ತರದ ಗೋಪುರವಿದೆ, ಗ್ರಂಥಾಲಯವಿದೆ. ಅಂಚಿನ ಜಾರ್ಜಿಯನ್ ಮನೆಗಳನ್ನು ಉಳಿಸಿಕೊಳ್ಳುವ ಮಾತೂ ಇದೆ. ಗೋಪುರದ ಎತ್ತರವನ್ನು ಕುರಿತು ಬಹಳ ಚರ್ಚೆ ನಡೆಯಿತು. ಉದ್ಯೋಗವಿಲ್ಲದ ನಗರದಲ್ಲಿ ಹಳೆಯ ಮನೆಗಳೂ ಬಾಳಲಾರವು ಎನ್ನುವವರ ಮಾತಿನಲ್ಲಿ ತಥ್ಯವಿದೆ. ಒಂದು ಗೋಪುರದಿಂದ ಲಿಮೆರಿಕ್ ಕೆಟ್ಟುಹೋಗದು. ಚರ್ಚೆ ನಡೆಯಬೇಕಾದುದು ಅದರ ಬುಡದಲ್ಲಿರುವ ನಾಲ್ಕಂತಸ್ತಿನ ಮನೆಗಳ ವಿಷಯದಲ್ಲಿ. ಮುಂಗೋಡೆಯನ್ನು ಮಾತ್ರ ಉಳಿಸಿ ಹಿಂದೆಲ್ಲ ಕಚೇರಿಯಾಗಿ ಮಾಡಿದರೆ ಅದು ಬೀದಿಗೆ ತೊಡಿಸಿದ ಮುಖವಾಡ. 2024ರಲ್ಲಿ ಲಿಮೆರಿಕ್ಕಿನ ಜನ, ಐರ್ಲೆಂಡಿನಲ್ಲಿಯೇ ಮೊದಲ ಬಾರಿಗೆ, ತಮ್ಮ ಮೇಯರನ್ನು ನೇರವಾಗಿ ಮತ ಹಾಕಿ ಆರಿಸಿಕೊಂಡಿದ್ದಾರೆ. ಪ್ಯಾಟ್ರಿಕ್ ಬೀದಿಯ ಉಪ್ಪರಿಗೆಗಳಲ್ಲಿ ರಾತ್ರಿ ಎಂಟು ಗಂಟೆಗೆ ಯಾರು ಇರುತ್ತಾರೆ ಎಂದು ಕೇಳಲು ಅವರಿಗೆ ಈಗ ಒಂದು ಬಾಗಿಲು ಗೊತ್ತಿದೆ.