ಕಬ್ಬಿನ ಹೊಲವೂ ಸರಕಾರದ ಕಾಗದವೂ

ಕಾರ್ಖಾನೆಗಳು ಏಕೆ ಹುಟ್ಟುವುವೆಂಬ ಪ್ರಶ್ನೆಗೆ ಪಾಠಪುಸ್ತಕಗಳು ಕಚ್ಚಾಮಾಲು, ನೀರು, ಕೂಲಿ, ದಾರಿ ಎಂದು ನಾಲ್ಕು ಮಾತುಗಳಲ್ಲಿ ಉತ್ತರ ಹೇಳಿ ಮುಗಿಸುವುವು. ಇವೆಲ್ಲವೂ ಬೇಕು, ಸಂದೇಹವಿಲ್ಲ. ಆದರೆ ಇವೆಲ್ಲವೂ ಬಹುಕಾಲದಿಂದ ಇದ್ದ ಸ್ಥಳದಲ್ಲಿ ಒಂದು ಯಂತ್ರವೂ ಬಾರದೆ, ಯಾವುದೋ ಒಂದು ವರ್ಷ ಸರಕಾರವು ಹೊರಡಿಸಿದ ಒಂದು ಕಾಗದದಿಂದ ಚಿಮಣಿಗಳು ಸಾಲಾಗಿ ಏಳುವುದುಂಟು. ಮತ್ತೊಂದು ಕಾಗದದಿಂದ ಅವು ತಣ್ಣಗಾಗುವುದೂ ಉಂಟು. ಈ ತಿಂಗಳು ಆ ಕಾಗದಗಳ ವಿಚಾರವನ್ನು ಕೊಂಚ ವಿಸ್ತರಿಸಿ ಹೇಳಬೇಕೆಂದಿದ್ದೇವೆ. ನಮ್ಮ ಕೊಡಂಬಲದಂಥ ಊರಿನಲ್ಲಿ ತೊಗರಿ ಜೋಳಗಳ ನಡುವೆ ಎರಡೆಕರೆ ಕಬ್ಬು ನೆಡಬೇಕೋ ಬೇಡವೋ ಎಂದು ಗೃಹಸ್ಥನು ಯೋಚಿಸುವಾಗ, ತಿಳಿದೋ ತಿಳಿಯದೆಯೋ, ಅವನು ಆ ಕಾಗದಗಳನ್ನೇ ಲೆಕ್ಕಕ್ಕೆ ಹಿಡಿಯುತ್ತಿರುತ್ತಾನೆ.

ಕಬ್ಬೂ ಗಾಣವೂ ಬೆಲ್ಲವೂ ನಮಗೆ ಅನಾದಿಯಿಂದ ಬಂದವು. ಆದರೂ 1930ರ ಸುಮಾರಿಗೆ ಹಿಂದೂಸ್ಥಾನವು ವರ್ಷಕ್ಕೆ ಒಂಬತ್ತು ಹತ್ತು ಲಕ್ಷ ಟನ್ನಿನಷ್ಟು ಸಕ್ಕರೆಯನ್ನು, ಬಹುಮಟ್ಟಿಗೆ ಜಾವಾ ದ್ವೀಪದಿಂದ, ಹಡಗಿನಲ್ಲಿ ತರಿಸಿಕೊಳ್ಳುತ್ತಿತ್ತು. ಇಡೀ ದೇಶದಲ್ಲಿ ಆಧುನಿಕ ಸಕ್ಕರೆ ಕಾರ್ಖಾನೆಗಳು ಮೂವತ್ತರ ಆಸುಪಾಸಿನಲ್ಲಿದ್ದವು. 1932ರಲ್ಲಿ ಸಕ್ಕರೆಯ ಉದ್ಯಮದ ಸಂರಕ್ಷಣೆಗೆಂದು ಒಂದು ಕಾನೂನು ಬಂದಿತು. ಹೊರಗಿನ ಸಕ್ಕರೆಯ ಮೇಲೆ ಹಂಡ್ರೆಡ್‌ವೇಟಿಗೆ 7 ರೂಪಾಯಿ 4 ಆಣೆ ಸುಂಕ, ಅದರ ಮೇಲೆ ಕಾಲುಭಾಗ ಹೆಚ್ಚುವರಿ. ಕೂಡಿ 9 ರೂಪಾಯಿ 1 ಆಣೆ. ಐದಾರು ವರ್ಷಗಳೊಳಗೆ ಕಾರ್ಖಾನೆಗಳ ಸಂಖ್ಯೆ 130ರ ಹತ್ತಿರಕ್ಕೆ ಏರಿತು, ಜಾವಾದ ಸಕ್ಕರೆ ಹೆಚ್ಚುಕಡಿಮೆ ನಿಂತೇಹೋಯಿತು. ಇದರಲ್ಲಿ ಸುಂಕದ ಮೊತ್ತಕ್ಕಿಂತ ಮುಖ್ಯವಾದುದು ಕಾಲದ ಭರವಸೆಯೆಂದು ನಮ್ಮ ಎಣಿಕೆ. ಟ್ಯಾರಿಫ್ ಮಂಡಲಿಯು ಹದಿನೈದು ವರ್ಷಗಳ ರಕ್ಷಣೆ ಬೇಕೆಂದು ಸೂಚಿಸಿದ್ದಿತು. ಯಂತ್ರಕ್ಕೆ ಹಾಕಿದ ಹಣ ಹಿಂದಕ್ಕೆ ಬರುವ ತನಕ ನೀತಿಯು ಕದಲದು ಎಂಬ ನಂಬಿಕೆಯಿದ್ದರೆ ಸಾಹುಕಾರನು ಗಂಟು ಬಿಚ್ಚುತ್ತಾನೆ. ಇಲ್ಲವಾದರೆ ಚಿನ್ನ ಕೊಂಡು ಸುಮ್ಮನಿರುತ್ತಾನೆ.

ಹಾಗೆಂದು ಸುಂಕವೊಂದೇ ಎಲ್ಲವನ್ನೂ ಮಾಡಿತೆನ್ನುವುದು ಸರಿಯಲ್ಲ. ಅದಕ್ಕೆ ಇಪ್ಪತ್ತು ವರ್ಷ ಮೊದಲೇ, 1912ರಲ್ಲಿ, ಕೊಯಮತ್ತೂರಿನಲ್ಲಿ ಕಬ್ಬಿನ ತಳಿ ತೆಗೆಯುವ ಕೇಂದ್ರವು ಸ್ಥಾಪಿತವಾಗಿದ್ದಿತು. ಬಾರ್ಬರ್ ಎಂಬ ವಿದ್ವಾಂಸರೂ ಅವರ ತರುವಾಯ ಟಿ. ಎಸ್. ವೆಂಕಟರಾಮನ್ನರೂ ನಾಡಕಬ್ಬಿನೊಡನೆ ಕಾಡುಕಬ್ಬನ್ನು ಬೆರೆಸಿ ಹೊಸ ತಳಿಗಳನ್ನು ತೆಗೆದಿದ್ದರು. ಲಾಭದ ಆಶೆಯಿಲ್ಲದೆ ಸರಕಾರದ ಸಂಬಳದಿಂದ ನಡೆದ ಆ ಕೆಲಸವು ಮುಂಚೆಯೇ ಆಗಿರದಿದ್ದರೆ, ಸುಂಕದ ಗೋಡೆಯ ಒಳಗೆ ಅರೆಯಲು ತಕ್ಕ ಕಬ್ಬೇ ಇರುತ್ತಿರಲಿಲ್ಲ. ಮೈಸೂರಿನವರಿಗೆ ಇದು ಚೆನ್ನಾಗಿ ತಿಳಿದಿದ್ದಿತು: ಕನ್ನಂಬಾಡಿಯ ನೀರು ಇರ್ವಿನ್ ನಾಲೆಗೆ ಹರಿದ ಮೇಲೆಯೇ 1933ರಲ್ಲಿ ಮಂಡ್ಯದ ಸಕ್ಕರೆ ಕಂಪೆನಿ ಏರ್ಪಟ್ಟಿತು.

ನಮ್ಮ ಬೀದರ ಜಿಲ್ಲೆ ಆಗ ನಿಜಾಮ ಸಂಸ್ಥಾನದಲ್ಲಿದ್ದಿತು. ನಮ್ಮ ಜಿಲ್ಲೆಯನ್ನು ಹಾಯ್ದು ಹೋಗುವ ಮಾಂಜ್ರಾ ನದಿಗೆ ಕೆಳಗಡೆ ನಿಜಾಮಸಾಗರವನ್ನು ಕಟ್ಟಿ 1931ರಲ್ಲಿ ಮುಗಿಸಿದರು. ಆ ನೀರಿನ ಬಲದಿಂದ 1930ರ ದಶಕದ ಕೊನೆಯಲ್ಲಿ ಬೋಧನದಲ್ಲಿ ಸಂಸ್ಥಾನದ ಬಂಡವಾಳದೊಡನೆ ದೊಡ್ಡ ಸಕ್ಕರೆ ಕಾರ್ಖಾನೆ ಎದ್ದಿತು. ನೀರು ನಮ್ಮ ಪಕ್ಕದಲ್ಲಿಯೇ ಹರಿದು ಹೋಯಿತು, ಕಾರ್ಖಾನೆ ನಾಲೆ ಇದ್ದಲ್ಲಿಗೆ ಹೋಯಿತು. ಅದೇ ಬೋಧನದ ಗಾಲಿಗಳು 2015ರಲ್ಲಿ ನಿಂತವು. ನಮ್ಮ ಕಡೆಗೆ ಸಕ್ಕರೆಯ ಯಂತ್ರ ಬಂದುದು 1956ರ ಏಕೀಕರಣದ ನಂತರ, ಸಹಕಾರ ಸಂಘಗಳ ಮೂಲಕ. ಹುಮನಾಬಾದಿನ ಬಳಿ ಹಳ್ಳಿಖೇಡದ ಬೀದರ ಸಹಕಾರಿ ಸಕ್ಕರೆ ಕಾರ್ಖಾನೆಯು ಸಾವಿರಾರು ಮನೆಗಳಿಗೆ ಆಸರೆಯಾಗಿದ್ದು, ಸಾಲದ ಭಾರದಿಂದ ಅರೆಯದೆ ನಿಂತ ಹಂಗಾಮುಗಳನ್ನೂ ಕಂಡಿದೆ.

ಈಗ ಹೊಸ ಕಾಗದದ ಮಾತಿಗೆ ಬರೋಣ. ಸಕ್ಕರೆಯ ಕಾರ್ಖಾನೆಯಲ್ಲಿ ರಸವನ್ನು ತಿಳಿಗೊಳಿಸಿ ಕುದಿಸಿ ಮೊದಲ ಹರಳನ್ನು ತೆಗೆಯುತ್ತಾರೆ. ಉಳಿದ ಪಾಕವನ್ನು ಎರಡನೆಯ ಬಾರಿ, ಮೂರನೆಯ ಬಾರಿ ಕುದಿಸಿ ಮತ್ತಷ್ಟು ಹರಳು ತೆಗೆಯುತ್ತಾರೆ. ಕೊನೆಗೆ ಉಳಿಯುವ ಕಪ್ಪು ಕಾಕಂಬಿಯಿಂದ ಮದ್ಯಸಾರ ಬಟ್ಟಿಯಿಳಿಸುವುದು ಹಳೆಯ ಪದ್ಧತಿ. ಆ ಮದ್ಯಸಾರವೇ ಎಥೆನಾಲ್. ನೀರಿನಂಶ ಪೂರ್ತಿ ತೆಗೆದರೆ ಪೆಟ್ರೋಲಿನಲ್ಲಿ ಬೆರೆಯುತ್ತದೆ. 2018ರಲ್ಲಿ ಕೇಂದ್ರ ಸರಕಾರವು ಜೈವಿಕ ಇಂಧನಗಳ ಹೊಸ ನೀತಿಯನ್ನು ಸಾರಿ, ಎರಡನೆಯ ಕುದಿಯ ಕಾಕಂಬಿಗೂ ನೇರ ಕಬ್ಬಿನ ರಸಕ್ಕೂ ಬೇರೆ ಬೇರೆ, ಹೆಚ್ಚಿನ ಬೆಲೆಗಳನ್ನು ಗೊತ್ತುಮಾಡಿತು. 2022–23ರ ಸಾಲಿಗೆ ಲೀಟರಿನ ಬೆಲೆ ಕೊನೆಯ ಕಾಕಂಬಿಯದಕ್ಕೆ 49.41 ರೂಪಾಯಿ, ಎರಡನೆಯದಕ್ಕೆ 60.73, ರಸದ್ದಕ್ಕೆ 65.61. ಬಟ್ಟಿಯ ಯಂತ್ರಕ್ಕೆ ತೆಗೆದ ಸಾಲದ ಬಡ್ಡಿಯಲ್ಲಿ ಶೇಕಡಾ 6 ಅಥವಾ ಬಡ್ಡಿಯ ಅರ್ಧ, ಯಾವುದು ಕಡಿಮೆಯೋ ಅದನ್ನು, ಐದು ವರ್ಷ ಸರಕಾರವೇ ತುಂಬುವುದೆಂದಿತು. ತೆರಿಗೆಯು ಶೇಕಡಾ 18ರಿಂದ 5ಕ್ಕೆ ಇಳಿಯಿತು. ತೈಲ ಕಂಪೆನಿಗಳೇ ಕೊಳ್ಳುವವರು, ಬೆಲೆ ಮೊದಲೇ ಗೊತ್ತು. ಇನ್ನೇನು ಬೇಕು? ದೇಶದ ಪೆಟ್ರೋಲಿನಲ್ಲಿ ಎಥೆನಾಲಿನ ಪಾಲು 2022ರಲ್ಲಿ ಶೇಕಡಾ 10ನ್ನು ಮುಟ್ಟಿ, 2025ರಲ್ಲಿ 20ಕ್ಕೆ ಬಂದಿತು. ಈ ಗುರಿಯನ್ನು ಮೊದಲು 2030ಕ್ಕೆ ಇಟ್ಟಿದ್ದರು.

1932ರ ಕಥೆಯೇ ಮತ್ತೆ ನಡೆದಂತೆ ತೋರುವುದಲ್ಲವೆ? ಭೇದವೊಂದುಂಟು. 2023ರಲ್ಲಿ ಮಳೆ ತಪ್ಪಿತು; ಕರ್ನಾಟಕ ಮಹಾರಾಷ್ಟ್ರಗಳಲ್ಲಿ ಕಬ್ಬು ಬಾಡಿತು; ಅಂಗಡಿಯ ಸಕ್ಕರೆ ತುಟ್ಟಿಯಾದೀತೆಂಬ ಭೀತಿಯುಂಟಾಯಿತು. ಆ ಡಿಸೆಂಬರ್ 7ರಂದು ಸರಕಾರವು ಕಬ್ಬಿನ ರಸದಿಂದ ಎಥೆನಾಲ್ ತೆಗೆಯಕೂಡದೆಂದು ಆಜ್ಞಾಪಿಸಿತು. ಕೆಲವೇ ದಿನಗಳಲ್ಲಿ ಕೊಂಚ ಸಡಿಲಿಸಿತು. 2024ರ ಆಗಸ್ಟ್ ಕೊನೆಯಲ್ಲಿ ಮುಂದಿನ ಸಾಲಿಗೆ ನಿರ್ಬಂಧವನ್ನು ತೆಗೆಯಿತು. ಅಡಿಗೆಯ ಮನೆಯ ದೃಷ್ಟಿಯಿಂದ ಆ ಆಜ್ಞೆಯನ್ನು ಗೃಹಿಣಿಯರು ಮೆಚ್ಚಿಯಾರು, ನಾವೂ ತಪ್ಪೆನ್ನೆವು. ಆದರೆ ಐದು ವರ್ಷದ ಬಡ್ಡಿಯ ಲೆಕ್ಕ ಹಾಕಿ ಯಂತ್ರ ತಂದವನಿಗೆ ಒಂದೇ ದಿನದಲ್ಲಿ ಕಚ್ಚಾಮಾಲು ನಿಂತರೆ, ಅವನು ಆ ನಷ್ಟವನ್ನು ತನ್ನಲ್ಲಿಯೇ ಇಟ್ಟುಕೊಳ್ಳುವನೆ? ಅದು ಕಬ್ಬಿನ ಬಾಕಿಯ ರೂಪದಿಂದ ಹೊಲದವನ ಬಾಗಿಲಿಗೇ ಬರುತ್ತದೆ. ಇತ್ತ ಸಕ್ಕರೆಯ ಕನಿಷ್ಠ ಮಾರಾಟದ ಬೆಲೆ 2019ರ ಫೆಬ್ರವರಿಯಿಂದ 2025ರ ತನಕ ಕಿಲೋಗೆ 31 ರೂಪಾಯಿಯಲ್ಲಿಯೇ ನಿಂತಿದ್ದರೆ, ಕಬ್ಬಿನ ಕೇಂದ್ರದ ದರವು ವರ್ಷವರ್ಷ ಏರಿ 2025–26ಕ್ಕೆ ಕ್ವಿಂಟಲಿಗೆ 355 ಆಯಿತು. ಆ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ರೈತರು ರಸ್ತೆಯಲ್ಲಿ ಕುಳಿತುದರ ಹಿಂದೆ ಈ ಎರಡು ಅಂಕೆಗಳ ಜಗ್ಗಾಟವೂ ಇದ್ದಿತು.

ನೀರಿನ ಮಾತನ್ನು ಬಿಡುವಂತಿಲ್ಲ. ಕಬ್ಬಿನಿಂದ ಒಂದು ಲೀಟರ್ ಎಥೆನಾಲಿಗೆ ಸುಮಾರು 2,860 ಲೀಟರ್ ನೀರು ತಗಲುವುದೆಂದು ನೀತಿ ಆಯೋಗದ 2021ರ ವರದಿಯೇ ಎಣಿಸಿತು. ಕಾರಂಜಾ ಜಲಾಶಯದ ಕಾಲುವೆ ತಲುಪದ ಹೊಲದಲ್ಲಿ ಆ ನೀರು ಕೊಳವೆಬಾವಿಯಿಂದಲೇ ಏಳಬೇಕು. ಅದರ ಬೆಲೆಯು ಯಾವ ಕಾಗದದಲ್ಲಿಯೂ ಬರೆದಿಲ್ಲ. ಮೆಕ್ಕೆಜೋಳದ ಎಥೆನಾಲಿಗೆ 2024ರಲ್ಲಿ ಲೀಟರಿಗೆ 71.86 ರೂಪಾಯಿ ಕೊಟ್ಟುದು ಈ ದೃಷ್ಟಿಯಿಂದ ಒಳ್ಳೆಯದೇ. ಆದರೆ ಕೋಳಿ ಸಾಕುವವರು ಮೇವು ತುಟ್ಟಿಯಾಯಿತೆಂದು ಗೋಳಿಟ್ಟರು.

1932ರ ಸುಂಕದ ಲಾಭ ಕಾರ್ಖಾನೆಯವನಲ್ಲಿಯೇ ನಿಲ್ಲಬಾರದೆಂದು 1934ರಲ್ಲಿ ಪ್ರಾಂತ ಸರಕಾರಗಳಿಗೆ ಕಬ್ಬಿನ ಕನಿಷ್ಠ ಬೆಲೆ ಗೊತ್ತುಮಾಡುವ ಅಧಿಕಾರವನ್ನು ಕೊಟ್ಟರು. ಅದರ ಸಂತತಿಯೇ 1966ರ ಕಬ್ಬು ನಿಯಂತ್ರಣದ ಆಜ್ಞೆ. ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಕೊಡತಕ್ಕುದು, ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ ಸೇರಿಸತಕ್ಕುದು ಎಂದು ಅದರಲ್ಲಿ ಬರೆದರು. ಈ ಬಡ್ಡಿಯನ್ನು ಕೇಳುವವರು ವಿರಳ. ಕೇಳದವರಿಗೆ ತಾನಾಗಿ ಕೊಡುವವರು ಇನ್ನೂ ವಿರಳ. ಎಷ್ಟೋ ಮನೆಗಳಲ್ಲಿ ತೂಕದ ಚೀಟಿಗಳು ಗೂಟಕ್ಕೆ ತೂಗುವ ಅಂಗಿಯ ಕಿಸೆಯಲ್ಲಿ ಮುದ್ದೆಯಾಗಿ ಒಗೆತಕ್ಕೆ ಹೋಗುವುವು. ತಾರೀಖು, ಗಾಡಿಯ ನಂಬರು, ತೂಕ, ಹಣ ಬಂದ ದಿನ ಈ ನಾಲ್ಕನ್ನು ಮನೆಯ ಖರ್ಚಿನ ಪುಸ್ತಕದಲ್ಲಿಯೇ ಒಂದು ಪುಟ ಬಿಟ್ಟು ಬರೆದಿಡುವ ಕೆಲಸವನ್ನು ಓದು ಬಲ್ಲ ಹೆಣ್ಣುಮಕ್ಕಳು ವಹಿಸಿಕೊಂಡರೆ, ಹದಿನೈದನೆಯ ದಿನ ಕಚೇರಿಗೆ ಹೋಗುವವನ ಕೈಯಲ್ಲಿ ಹಿಡಿದು ತೋರಿಸಲು ಒಂದು ಲೆಕ್ಕವಾದರೂ ಇರುತ್ತದೆ.